ಹಳೇ ಗಿಯರ್ ಸೈಕಲ್ಲಿನಿಂದ ಫಿಕ್ಸೆಡ್ ಗಿಯರ್: ಹುಬ್ಬಳ್ಳಿಯಲ್ಲಿ ಕಟ್ಟಿಸಿಕೊಂಡ ಲೆಕ್ಕ

ಹಳೆಯ ಸ್ಟೀಲ್ ಫ್ರೇಮಿನ ಮೇಲೆ ಕಟ್ಟಿದ ಒಂಟಿ ಗಿಯರ್ ಸೈಕಲ್ ಈಗ ಹುಬ್ಬಳ್ಳಿ–ಧಾರವಾಡ ರಸ್ತೆಯಲ್ಲಿ ಓಡುತ್ತಿದೆ. ಹಿಂದಿನ ಗಾಲಿಯ ಒಂದು ಬದಿಗೆ ಫಿಕ್ಸೆಡ್ ಕಾಗ್ (ಚೈನ್ ಕೂರುವ ಹಲ್ಲಿನ ಚಕ್ರ) ಇದೆ, ತಿರುವಿ ಹಾಕಿದರೆ ಇನ್ನೊಂದು ಬದಿಗೆ ಫ್ರೀವೀಲ್. ಬೇಸಿಗೆಯ ಆರಂಭದಲ್ಲಿ ಕೈಗೆತ್ತಿಕೊಂಡದ್ದು ಮುಗಿಯುವ ಹೊತ್ತಿಗೆ ಮಳೆ ಹಿಡಿದಿತ್ತು. ಜೋಡಣೆ ಅಂತ ನೋಡಿದರೆ ಅದು ಒಂದು ಭಾನುವಾರದ ಕೆಲಸ. ಉಳಿದ ಕಾಲವೆಲ್ಲ ಹೋದದ್ದು ಹಿಂದಿನ ಹಬ್ (ಗಾಲಿಯ ನಡುವಿನ, ಸ್ಪೋಕ್ ಸೇರುವ ಭಾಗ) ಮತ್ತು ಅದಕ್ಕೆ ಹೊಂದುವ ಸಾಮಾನಿಗೆ. ಯಾವುದನ್ನು ಕೊಳ್ಳುವ ಮೊದಲು ಯಾವ ಅಳತೆ ಬರೆದಿಟ್ಟುಕೊಳ್ಳಬೇಕು ಎಂಬುದು ಗೊತ್ತಿದ್ದರೆ ಮುಂದೆ ಕಟ್ಟಿಸುವವರಿಗೆ ಅರ್ಧ ಕಾಯುವುದು ತಪ್ಪುತ್ತದೆ. ಅದಕ್ಕೇ ಇದನ್ನೆಲ್ಲ ಬಿಡಿಸಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಸಿಂಗಲ್ ಸ್ಪೀಡ್ ಅಂದರೆ ನಮ್ಮ ಸಾದಾ ಸೈಕಲ್ಲೇ: ಗಿಯರ್ ಒಂದೇ, ತುಳಿಯುವುದು ಬಿಟ್ಟರೆ ಫ್ರೀವೀಲ್ ಕಟಕಟ ಎನ್ನುತ್ತ ಗಾಲಿ ತನ್ನಷ್ಟಕ್ಕೆ ಉರುಳುತ್ತದೆ. ಫಿಕ್ಸೆಡ್ ಗಿಯರಿನಲ್ಲಿ ಫ್ರೀವೀಲ್ ಇಲ್ಲ. ಕಾಗ್ ಹಬ್ಬಿಗೆ ಬಿಗಿಯಾಗಿ ಕೂತಿರುತ್ತದೆ. ಗಾಲಿ ತಿರುಗುವವರೆಗೆ ಪೆಡಲ್ ತಿರುಗಲೇಬೇಕು. ಕಾಲು ತಡೆದರೆ ಸೈಕಲ್ ನಿಧಾನವಾಗುತ್ತದೆ. ವೆಲೊಡ್ರೋಮ್ ಎಂಬ ಸೈಕಲ್ ರೇಸಿನ ಅಂಗಣದ ಟ್ರ್ಯಾಕ್ ಸೈಕಲ್‌ಗಳು ಇಂಥವೇ, ಅವಕ್ಕೆ ಬ್ರೇಕೂ ಇರುವುದಿಲ್ಲ. ಆದರೆ ರಸ್ತೆ ಬೇರೆ, ಟ್ರ್ಯಾಕ್ ಬೇರೆ. ಬ್ರೇಕಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲ ಅಲೆದಾಟ ಫ್ರೇಮಿಗೆ. ಗುಜರಿಯಲ್ಲಿ ಹೆಚ್ಚಾಗಿ ಸಿಗುವುದು 28 ಇಂಚಿನ ದೊಡ್ಡ ಸೈಕಲ್. ಗಟ್ಟಿ ಫ್ರೇಮ್, ಚೈನ್ ಎಳೆದು ಬಿಗಿ ಮಾಡಲು ಉದ್ದನೆಯ ಅಡ್ಡ ಸೀಳೂ ಇರುತ್ತದೆ. ಆದರೆ ಅದರ ರಿಮ್ 635 ಮಿ.ಮೀ. ಅಳತೆಯದ್ದು. ಈಗಿನ 700ಸಿ ರಿಮ್ 622. ಹೊಸ ಗಾಲಿ ಹಾಕಿದರೆ ರಿಮ್ಮಿನ ಅಂಚು ಆರೂವರೆ ಮಿ.ಮೀ. ಕೆಳಗಿಳಿಯುತ್ತದೆ. ಸರಳಿನ ಬ್ರೇಕಿಗಾಗಿ ಮಾಡಿದ ಫೋರ್ಕಿನಲ್ಲಿ ರಿಮ್ಮನ್ನು ಎರಡೂ ಬದಿಯಿಂದ ಹಿಡಿಯುವ ಕ್ಯಾಲಿಪರ್ ಬ್ರೇಕ್ ಕೂರಿಸಲು ಸರಿಯಾದ ತೂತು ಇರುತ್ತದೆ ಅಂತ ಹೇಳಲಾಗದು. ಇತ್ತೀಚಿನ ಎಂಟಿಬಿ (ಮೌಂಟನ್ ಬೈಕ್) ಫ್ರೇಮ್ ಇನ್ನೂ ಕಷ್ಟ: ಆಕ್ಸಲ್ ಕೂರುವ ಸೀಳು ನೇರ ಮೇಲಕ್ಕಿರುತ್ತದೆ, ಗಾಲಿಯನ್ನು ಹಿಂದೆ ಮುಂದೆ ಸರಿಸಲು ಜಾಗವಿಲ್ಲ. ಅಂಥ ಫ್ರೇಮಿಗೆ ಸ್ಪ್ರಿಂಗಿನ ಟೆನ್ಷನರ್ ಹಚ್ಚಿ ಫ್ರೀವೀಲ್ ಓಡಿಸಬಹುದು, ಫಿಕ್ಸೆಡ್ ಮಾತ್ರ ಆಗುವುದೇ ಇಲ್ಲ. ಕಾಲಿನಿಂದ ತಡೆದಾಗ ಚೈನಿನ ಕೆಳಭಾಗಕ್ಕೆ ಎಳೆತ ಬಂದು ಟೆನ್ಷನರ್ ಕಿತ್ತುಕೊಂಡು ಹೋಗುತ್ತದೆ.

ಹುಡುಕಬೇಕಾದದ್ದು ಬಾಗಿದ ಹ್ಯಾಂಡಲ್ಲಿನ ಹಳೆಯ ಹತ್ತು ಗಿಯರ್ ಸೈಕಲ್. ಅಡ್ಡ ಸೀಳು, ಮುಂದೆ ಹಿಂದೆ ಬ್ರೇಕಿನ ತೂತು, ಮೂಲ ಗಾಲಿ 27 ಇಂಚಿನದ್ದು. ಆ ರಿಮ್ 630 ಮಿ.ಮೀ., ಹಾಗಾಗಿ 700ಸಿ ಹಾಕಿದರೆ ಬ್ರೇಕ್ ರಬ್ಬರ್ ಬರೀ 4 ಮಿ.ಮೀ. ಕೆಳಗಿಳಿದರೆ ಸಾಕು. ಅಂಥದ್ದೊಂದು ಹಳೇ ಹುಬ್ಬಳ್ಳಿಯ ಗುಜರಿಯಲ್ಲಿ, ಗಿಯರ್ ತಂತಿಗಳೆಲ್ಲ ತುಕ್ಕು ಹಿಡಿದು ನಿಂತಿದ್ದದ್ದು, 1,800 ರೂಪಾಯಿಗೆ ಬಂತು.

ದುಡ್ಡು ಕೊಡುವ ಮೊದಲು ಅಲ್ಲೇ ನಿಂತು ನೋಡಬೇಕಾದವು ಇವೆ. ಹ್ಯಾಂಡಲ್ ಕೊಳವೆಯ ಹಿಂದೆ, ಕೆಳಗಿನ ಪೈಪಿನ ಅಡಿಯಲ್ಲಿ ಬೆರಳಾಡಿಸಿ. ಸುಕ್ಕು ಅಥವಾ ಉಬ್ಬು ಹತ್ತಿದರೆ ಸೈಕಲ್ ಎಲ್ಲೋ ಡಿಕ್ಕಿ ಹೊಡೆದಿದೆ, ಬಿಟ್ಟುಬಿಡಿ. ಒಂದು ದಾರವನ್ನು ಹಿಂದಿನ ಒಂದು ಸೀಳಿಗೆ ಕಟ್ಟಿ, ಹ್ಯಾಂಡಲ್ ಕೊಳವೆಯ ಮುಂದಿನಿಂದ ಸುತ್ತಿ ಇನ್ನೊಂದು ಸೀಳಿಗೆ ಎಳೆದು ಕಟ್ಟಿ. ಸೀಟಿನ ಪೈಪಿನಿಂದ ಎರಡೂ ಕಡೆಯ ದಾರಕ್ಕೆ ಇರುವ ಅಂತರ ಒಂದೇ ಬರಬೇಕು. ಒಂದೆರಡು ಮಿ.ಮೀ. ಹೆಚ್ಚುಕಡಿಮೆ ಆದರೆ ನಡೆಯುತ್ತದೆ, ಐದಾರು ಆದರೆ ಬೇಡ. ಸೀಟಿನ ಪೈಪಿನೊಳಕ್ಕೆ ಮೊಬೈಲಿನ ಬೆಳಕು ಹಿಡಿದು ತುಕ್ಕು ನೋಡಿ.

ಕಾಗದದ ಮಾತು. ಹಳೇ ಸೈಕಲ್ಲಿಗೆ ಬಿಲ್ ಸಿಗುವುದು ಅಪರೂಪ. ಅದಿಲ್ಲದಿದ್ದರೂ ಪಾವತಿ ಬರೆಸಿಕೊಳ್ಳಲೇಬೇಕು: ಮಾರುವವರ ಹೆಸರು, ತಾರೀಖು, ಮೊತ್ತ, ಬಣ್ಣ, ಫ್ರೇಮ್ ನಂಬರ್, ಸಹಿ, ಕೊಟ್ಟರೆ ಗುರುತಿನ ಚೀಟಿಯ ಝೆರಾಕ್ಸ್. ನಂಬರ್ ಹೆಚ್ಚಾಗಿ ಕ್ರ್ಯಾಂಕ್ (ಪೆಡಲ್ಲಿನ ತೋಳು) ಕೂರುವ ಶೆಲ್ಲಿನ ಅಡಿಯಲ್ಲೋ ಸೀಟಿನ ಪೈಪಿನ ಮೇಲ್ತುದಿಯಲ್ಲೋ ಕೊರೆದಿರುತ್ತದೆ. ಕೆರೆದು ಅಳಿಸಿದ ಗುರುತು ಕಂಡರೆ ಎಷ್ಟೇ ಅಗ್ಗವಾದರೂ ಮುಟ್ಟಬೇಡಿ. ಬಣ್ಣ ಹಾಕಿಸುವ ಮೊದಲು ನಂಬರಿನ ಫೋಟೊ ತೆಗೆದಿಟ್ಟುಕೊಳ್ಳಿ. ಪೌಡರ್ ಕೋಟಿಂಗ್ ಆದ ಮೇಲೆ ಅಂಕಿ ಮಸುಕಾಗುತ್ತವೆ.

ಬಿಚ್ಚುವ ಕೆಲಸದಲ್ಲಿ ಹಟ ಹಿಡಿಯುವುದು ಕಾಟರ್ ಪಿನ್, ಅಂದರೆ ಕ್ರ್ಯಾಂಕನ್ನು ಅದರ ಆಕ್ಸಲ್ಲಿಗೆ ಹಿಡಿದಿಡುವ ಪಿನ್. ಹಳೇ ಸ್ಟೀಲ್ ಕ್ರ್ಯಾಂಕಿನಲ್ಲಿ ಇದು ವರ್ಷಗಟ್ಟಲೆ ಕೂತು ಬೆಸುಗೆ ಹಾಕಿದಂತೆ ಆಗಿರುತ್ತದೆ. ಹಿಂದಿನ ರಾತ್ರಿಯೇ ಎರಡೂ ತುದಿಗೆ ತುಕ್ಕು ಬಿಡಿಸುವ ಎಣ್ಣೆ ಬಿಡಬೇಕು. ಬೆಳಿಗ್ಗೆ ನಟ್ಟನ್ನು ಪೂರ್ತಿ ತೆಗೆಯದೆ ಪಿನ್ನಿನ ತುದಿಗೆ ಸಮವಾಗುವಷ್ಟು ಮಾತ್ರ ಸಡಿಲಿಸಿ. ಥ್ರೆಡ್ ಹೊಡೆತಕ್ಕೆ ಹರಡದಂತೆ ಅದೇ ಕಾಯುತ್ತದೆ. ಕ್ರ್ಯಾಂಕಿನ ಅಡಿಗೆ, ಪಿನ್ನಿನ ತಲೆ ಒಳಗೆ ಇಳಿಯುವಷ್ಟು ಅಗಲದ ಕಬ್ಬಿಣದ ಪೈಪ್ ನೆಲಕ್ಕೆ ಊರಿ ಆಧಾರ ಕೊಡಬೇಕು. ಆಧಾರವಿಲ್ಲದೆ ಹೊಡೆದರೆ ಪೆಟ್ಟೆಲ್ಲ ಒಳಗಿನ ಬಾಲ್ಸ್ ಮೇಲೆ ಬಿದ್ದು ಕಪ್ಪಿನಲ್ಲಿ ಗುಂಡಿ ಮೂಡುತ್ತದೆ, ಪಿನ್ ಮಾತ್ರ ಅಲ್ಲಾಡುವುದಿಲ್ಲ. ದೊಡ್ಡ ಸುತ್ತಿಗೆಯಿಂದ ಒಂದೇ ಜೋರಾದ ಏಟು ಬೇಕು. ಸಣ್ಣ ಸಣ್ಣ ಏಟು ಪಿನ್ನಿನ ತುದಿಯನ್ನು ಹರಡಿ ಇನ್ನಷ್ಟು ಕಚ್ಚಿಸುತ್ತವೆ. ಅದಕ್ಕೂ ಬಗ್ಗದಿದ್ದರೆ ಡ್ರಿಲ್ ಹೊಡೆಸುವುದೇ ದಾರಿ.

ಕ್ರ್ಯಾಂಕ್ ಹೊರಬಂದ ಮೇಲೆ ಬಿ.ಬಿ. (ಬಾಟಮ್ ಬ್ರಾಕೆಟ್, ಶೆಲ್ಲಿನೊಳಗಿನ ಬೇರಿಂಗ್) ಕಪ್. 68 ಮಿ.ಮೀ. ಅಗಲದ, ಬಿಎಸ್‌ಎ ಥ್ರೆಡ್ಡಿನ ಶೆಲ್ಲಿನಲ್ಲಿ ಚೈನಿನ ಬದಿಯ ಕಪ್ಪಿಗೆ ಉಲ್ಟಾ ಥ್ರೆಡ್ ಇರುತ್ತದೆ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ತಿರುಗಿಸಿದರೆ ಸಡಿಲವಾಗುತ್ತದೆ. ಇದು ಗೊತ್ತಿಲ್ಲದೆ ಉದ್ದನೆಯ ಪಾನಾ ಹಾಕಿ ಎಳೆದಷ್ಟೂ ಬಿಗಿಯಾಗುತ್ತ ಹೋಗುತ್ತದೆ.

ಬಣ್ಣಕ್ಕೆ ಗೋಕುಲ್ ರೋಡ್ ಕಡೆ ಪೌಡರ್ ಕೋಟಿಂಗ್ ಮಾಡುವವರಿದ್ದಾರೆ. ಒಂದು ಫ್ರೇಮಿಗಾಗಿ ಯಾರೂ ಒಲೆ ಉರಿಸುವುದಿಲ್ಲ; ದೊಡ್ಡ ಆರ್ಡರಿನ ಜೊತೆ ಸೇರಿಸಿ ಹಾಕುತ್ತಾರೆ, ಹಾಗಾಗಿ ಕಾಯುವುದು ಇದ್ದದ್ದೇ. ಮೂರು ವಿಷಯ ಬಾಯಲ್ಲಿ ಹೇಳಿ ಬಿಟ್ಟರೆ ಸಾಲದು, ಚೀಟಿ ಬರೆದು ಫ್ರೇಮಿಗೆ ಕಟ್ಟಬೇಕು: ಶೆಲ್ಲಿನ ಥ್ರೆಡ್ ಮುಚ್ಚಲು ಹಳೇ ಕಪ್‌ಗಳನ್ನೇ ಹಾಕಿ ಕೊಟ್ಟಿದೆ, ತೆಗೆಯಬೇಡಿ, ಹ್ಯಾಂಡಲ್ ಕೊಳವೆಯ ಎರಡೂ ಬಾಯಿ ಮುಚ್ಚಿ, ಮರಳು ಹೊಡೆಯುವಾಗ ತೆಳ್ಳನೆಯ ಪೈಪಿನ ಮೇಲೆ ಒಂದೇ ಕಡೆ ನಿಲ್ಲಿಸಬೇಡಿ. ಚೀಟಿಯಿದ್ದರೂ ಕೊಳವೆಯ ಒಳಗೆ ಪೌಡರ್ ಹೋಗಿತ್ತು, ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಕಪ್ ಕೂರಲಿಲ್ಲ, ಕೆರೆಸಬೇಕಾಯಿತು. ಆಕ್ಸಲ್ ಸೀಳಿನ ಎರಡೂ ಮುಖದ ಬಣ್ಣವನ್ನೂ ಅರದಿಂದ ತೆಗೆದುಹಾಕಿ. ನಟ್ ಬಣ್ಣದ ಮೇಲೆ ಕೂತರೆ ಬಣ್ಣ ಸವೆದು ಹಿಡಿತ ಸಡಿಲವಾಗುತ್ತದೆ, ಏರಿನಲ್ಲಿ ಜೋರಾಗಿ ತುಳಿದಾಗ ಗಾಲಿ ಮುಂದಕ್ಕೆ ಜಾರಿ ಓರೆಯಾಗುತ್ತದೆ.

ಈಗ ಹಬ್. ಅಂಗಡಿಯಲ್ಲಿ ಫಿಕ್ಸೆಡ್ ಹಬ್ ಕೇಳಿದಾಗ ಬಂದ ಉತ್ತರ ಹೀಗಿತ್ತು: "ಸರ, ಸಾದಾ ಹಬ್ಬಿಗೇ ಹಲ್ಲು ಹಾಕಿ ಬಿ.ಬಿ. ರಿಂಗ್ ಬಿಗದು ಕೊಡ್ತೀನ್ರಿ, ಬೇಕಾದ್ರ ಗೋಂದ ಹಚ್ಚೋಣ್ರಿ, ಎಲ್ಲಿ ಹೊಕ್ಕೈತ್ರಿ ಅದು." ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಇದನ್ನು ಖಂಡಿತ ಮಾಡಿಸಬಾರದು. ಏಕೆ ಅನ್ನುವುದು ತಿಳಿದರೆ ಮುಂದಿನದ್ದೆಲ್ಲ ಅರ್ಥವಾಗುತ್ತದೆ.

ಸಾದಾ ಫ್ರೀವೀಲ್ ಹಬ್ಬಿಗೆ ಇರುವುದು ಒಂದೇ ಥ್ರೆಡ್: 1.37 ಇಂಚು ವ್ಯಾಸ, ಇಂಚಿಗೆ 24 ಸುತ್ತು, ಬಲಕ್ಕೆ ಬಿಗಿಯುವಂಥದ್ದು. ಮುಂದಕ್ಕೆ ತುಳಿದಾಗ ಫ್ರೀವೀಲ್ ತಾನೇ ಬಿಗಿಯಾಗುತ್ತ ಹೋಗುತ್ತದೆ. ಹಿಂದಕ್ಕೆ ಎಳೆತವೇ ಬಾರದ ಕಾರಣ ಬೇರೆ ಹಿಡಿತ ಬೇಕಿಲ್ಲ. ಫಿಕ್ಸೆಡ್ ಕಾಗ್ ಕೂರುವುದೂ ಅದೇ ಅಳತೆಯ ಥ್ರೆಡ್ಡಿನ ಮೇಲೆ. ಆದರೆ ಕಾಲಿನಿಂದ ತಡೆದಾಗ ಚೈನ್ ಕಾಗನ್ನು ಬಿಚ್ಚುವ ದಿಕ್ಕಿಗೆ ಎಳೆಯುತ್ತದೆ. ನಿಜವಾದ ಟ್ರ್ಯಾಕ್ ಹಬ್ಬಿನಲ್ಲಿ ಇದಕ್ಕಾಗಿ ಪಕ್ಕದಲ್ಲೇ ಸ್ವಲ್ಪ ಸಣ್ಣ ವ್ಯಾಸದ ಇನ್ನೊಂದು ಥ್ರೆಡ್ ಇದೆ, 1.29 ಇಂಚಿನದ್ದು, ಉಲ್ಟಾ. ಅದರ ಮೇಲೆ ಲಾಕ್‌ರಿಂಗ್. ಕಾಗ್ ಬಿಚ್ಚಿಕೊಳ್ಳಲು ಹೊರಟರೆ ರಿಂಗನ್ನೂ ಜೊತೆಗೆ ತಿರುಗಿಸುತ್ತದೆ, ಆ ದಿಕ್ಕು ರಿಂಗಿಗೆ ಬಿಗಿಯಾಗುವ ದಿಕ್ಕು. ಒಂದು ಬಿಚ್ಚಬೇಕೆಂದರೆ ಇನ್ನೊಂದು ಬಿಡುವುದಿಲ್ಲ. ಸಾದಾ ಹಬ್ಬಿನ ಮೇಲೆ ಬಿ.ಬಿ. ರಿಂಗ್ ಹಾಕಿದರೆ ಎರಡೂ ಒಂದೇ ಕಡೆಗೆ ಬಿಚ್ಚಿಕೊಳ್ಳುತ್ತವೆ. ಗೋಂದು ಕೆಲಕಾಲ ತಡೆಯಬಹುದು. ಇಳಿಜಾರಿನಲ್ಲಿ ಜೋರಾಗಿ ತಡೆಯಬೇಕಾದ ಹೊತ್ತಿನಲ್ಲೇ ಅದು ಬಿಟ್ಟುಕೊಡುತ್ತದೆ.

ಹಾಗಾಗಿ ಎರಡೂ ಬದಿಯ ಹಬ್ ಬೇಕಾಯಿತು: ಒಂದು ಕಡೆ ಫಿಕ್ಸೆಡ್, ಇನ್ನೊಂದು ಕಡೆ ಫ್ರೀವೀಲ್, 36 ತೂತು, 120 ಮಿ.ಮೀ. ಅಗಲ. ಹುಬ್ಬಳ್ಳಿಯಲ್ಲಿ ಸಿಗಲಿಲ್ಲ. ವಿಜಯಪುರ, ಬಾಗಲಕೋಟೆ, ಗದಗ ಕಡೆ ಸೈಕಲ್ ಸ್ಪರ್ಧೆಯ ಹುಡುಗರು ಬಹಳ ಇರುವುದರಿಂದ ಅವರ ಬಳಿ ಹಳೇ ಟ್ರ್ಯಾಕ್ ಹಬ್ ಇರುತ್ತವೆ, ಆದರೆ ಬಹುಪಾಲು ಥ್ರೆಡ್ ಸವೆದವು. ಕೊನೆಗೆ ಹೊರಗಿನಿಂದ ತರಿಸಿದ್ದು. ವಿದೇಶದಿಂದ ಕೊರಿಯರಿನಲ್ಲಿ ತರಿಸುವವರು ಗಮನಿಸಿ: ಪಾರ್ಸೆಲ್ ಕಸ್ಟಮ್ಸಿನಲ್ಲಿ ನಿಂತಾಗ ಗುರುತಿನ ದಾಖಲೆ ಮತ್ತು ಬಿಲ್ ಕೇಳುತ್ತಾರೆ. ಬಿಲ್ಲಿನ ಮೇಲಿನ ಹೆಸರು, ವಿಳಾಸ ನಿಮ್ಮ ದಾಖಲೆಗೆ ಅಕ್ಷರಶಃ ಹೊಂದಬೇಕು. ಬಿಲ್ಲಿನಲ್ಲಿ "Hubli", ಆಧಾರಿನಲ್ಲಿ "Hubballi" ಎಂಬಷ್ಟಕ್ಕೇ ನನ್ನದು ಮತ್ತೆ ಮತ್ತೆ ಪತ್ರವ್ಯವಹಾರಕ್ಕೆ ಸಿಕ್ಕಿಕೊಂಡಿತು. ಸುಂಕವನ್ನು ಸಾಮಾನಿನ ಬೆಲೆಯ ಮೇಲಷ್ಟೇ ಅಲ್ಲ, ಸಾಗಣೆ ಖರ್ಚನ್ನೂ ಸೇರಿಸಿ ಲೆಕ್ಕ ಹಾಕುತ್ತಾರೆ. ಟ್ರ್ಯಾಕಿಂಗ್ ಪುಟ ದಿನವೂ ತೆರೆದು, ಅದೇ ಸಾಲನ್ನು ಅದೇ ಜಾಗದಲ್ಲಿ ನೋಡುತ್ತ ಕೂರುವ ಆ ಕಾಲ ನಿಜಕ್ಕೂ ಬೇಸರದ್ದು. ಕಾಗ್ ಮತ್ತು ಲಾಕ್‌ರಿಂಗನ್ನು ಹಬ್ಬಿನ ಜೊತೆಗೇ ಒಂದೇ ಕಡೆಯಿಂದ ತರಿಸಿ. ಕೆಲವು ಹಳೇ ಇಟಾಲಿಯನ್ ಹಬ್ಬಿನ ಲಾಕ್‌ರಿಂಗ್ ಥ್ರೆಡ್ 1.32 ಇಂಚು, 1.29ರ ಮೇಲೆ ಅದನ್ನು ಹಾಕಿದರೆ ಬಿಗಿಯಾದಂತೆ ಕಂಡು ಜಾರುತ್ತದೆ.

ಕಾಯುವ ಹೊತ್ತಿನಲ್ಲಿ ಮಾಡಬಹುದಾದ ಒಳ್ಳೆಯ ಕೆಲಸ ಅಂದರೆ ಅಳತೆ. ನನ್ನ ಹಳೇ ಗಿಯರ್ ಫ್ರೇಮಿನ ಹಿಂದಿನ ಎರಡು ಸೀಳುಗಳ ಒಳ ಅಂತರ 126 ಮಿ.ಮೀ., ಹಬ್ 120. ನಟ್ ಬಿಗಿದು ಫ್ರೇಮನ್ನೇ ಒತ್ತಿಬಿಡಬಹುದು ಅನ್ನುವವರಿದ್ದಾರೆ. ಸ್ಟೀಲ್ ಒತ್ತುತ್ತದೆ, ನಿಜ. ಆದರೆ ಸೀಳಿನ ಎರಡು ಮುಖ ಸಮಾನಾಂತರವಾಗಿ ಉಳಿಯುವುದಿಲ್ಲ, ಆಕ್ಸಲ್ ಮೇಲೆ ಓರೆ ಭಾರ ಬಿದ್ದು ಅದು ಬಾಗುತ್ತದೆ. ಬದಲಿಗೆ ಆಕ್ಸಲ್ಲಿಗೆ ಎರಡೂ ಕಡೆ 3 ಮಿ.ಮೀ. ದಪ್ಪದ ಸ್ಟೀಲ್ ವಾಶರ್ ಹಾಕಿದರೆ ಸಾಕು. ಹಿಂದಿನ ಆಕ್ಸಲ್ 10 ಮಿ.ಮೀ.; ಗೋಕುಲ್ ರೋಡಿನ ಲೇಥಿನಲ್ಲಿ ಎರಡು ವಾಶರ್ ತಿರುವಿಸಿಕೊಂಡದ್ದಕ್ಕೆ 150 ರೂಪಾಯಿ ಆಯಿತು. ಎರಡೂ ಕಡೆ ಸಮ ದಪ್ಪವೇ ಇರಬೇಕು, ಆಗ ಹಬ್ಬಿನ ನಡು ಫ್ರೇಮಿನ ನಡುವಿನಲ್ಲೇ ಉಳಿಯುತ್ತದೆ. ಆಕ್ಸಲ್ ಉದ್ದ ಸಾಲುತ್ತದೆಯೇ ಅಂತ ಮೊದಲೇ ನೋಡಿ, ನಟ್ಟಿನ ಥ್ರೆಡ್ ಪೂರ್ತಿ ತುಂಬಬೇಕು.

ಎರಡನೆಯ ಅಳತೆ ಚೈನ್ ಓಡುವ ಗೆರೆ. ಫಿಕ್ಸೆಡ್ ಸೈಕಲ್ಲಿನಲ್ಲಿ ಮುಂದಿನ ಚೈನ್‌ವೀಲ್, ಹಿಂದಿನ ಕಾಗ್ ಒಂದೇ ನೇರದಲ್ಲಿ ಇರಲೇಬೇಕು. ಗಿಯರ್ ಸೈಕಲ್ಲಿನಂತೆ ಇಲ್ಲಿ ಓರೆ ಓಡಿದರೆ ಸದ್ದು, ಸವೆತ, ಕೊನೆಗೆ ಚೈನ್ ಕಳಚುವುದು. ಫ್ರೀವೀಲ್ ಸೈಕಲ್ಲಿನಲ್ಲಿ ಚೈನ್ ಕಳಚಿದರೆ ಕೈಗೆ ಎಣ್ಣೆ ಹತ್ತುತ್ತದೆ ಅಷ್ಟೆ. ಫಿಕ್ಸೆಡ್‌ನಲ್ಲಿ ಕಳಚಿದ ಚೈನ್ ಸಿಕ್ಕಿಕೊಂಡು ಹಿಂದಿನ ಗಾಲಿಯನ್ನೇ ಹಿಡಿದು ನಿಲ್ಲಿಸಬಹುದು. ಟ್ರ್ಯಾಕ್ ಹಬ್ಬಿನಲ್ಲಿ ಹಬ್ಬಿನ ನಡುವಿನಿಂದ ಕಾಗಿನ ಹಲ್ಲಿನ ನಡುವಿಗೆ ಸಾಮಾನ್ಯವಾಗಿ 42 ಮಿ.ಮೀ. ಮುಂದೆಯೂ ಅದೇ ಬರಬೇಕು, ಒಂದು ಮಿ.ಮೀ. ಆಚೀಚೆ ನಡೆಯುತ್ತದೆ. ಮುಂದಿನದ್ದನ್ನು ಅಳೆಯುವುದು ಹೀಗೆ: ಸೀಟಿನ ಪೈಪಿನ ವ್ಯಾಸ 28.6 ಮಿ.ಮೀ., ಅರ್ಧ 14.3. ಪೈಪಿನ ಹೊರಮೈಯಿಂದ ಚೈನ್‌ವೀಲ್ ಹಲ್ಲಿನ ನಡುವಿಗೆ 27.7 ಬಂದರೆ ಒಟ್ಟು 42.

ಹಳೇ ಸ್ಟೀಲ್ ಕ್ರ್ಯಾಂಕಿನಲ್ಲಿ ಚೈನ್‌ವೀಲ್ ಕಚ್ಚಿಸಿಯೇ ಬಂದಿರುವುದರಿಂದ ಸರಿಸಲು ಬರುವುದಿಲ್ಲ. 44 ಹಲ್ಲಿನ, 165 ಮಿ.ಮೀ. ಉದ್ದದ, ಚೌಕ ತುದಿಯ ಆಕ್ಸಲ್ಲಿಗೆ ಕೂರುವ ಒಂಟಿ ಕ್ರ್ಯಾಂಕ್ ಸೆಟ್ ತಂದದ್ದಾಯಿತು. ಫಿಕ್ಸೆಡ್‌ಗೆ 170ಕ್ಕಿಂತ 165 ಒಳ್ಳೆಯದು, ತಿರುವಿನಲ್ಲೂ ಪೆಡಲ್ ತಿರುಗುತ್ತಲೇ ಇರುವುದರಿಂದ ನೆಲಕ್ಕೆ ತಾಗುವ ಅಪಾಯ ಕಡಿಮೆ. ನಿಮ್ಮ ಬಳಿ ಎರಡು ಚೈನ್‌ವೀಲಿನ ರೇಸ್ ಕ್ರ್ಯಾಂಕ್ ಇದ್ದರೆ ಹೊಸದು ಬೇಡ: ದೊಡ್ಡದನ್ನು ಒಳಬದಿಯ ಜಾಗಕ್ಕೆ ಹಾಕಿ, ಗಿಡ್ಡ ಬೋಲ್ಟ್ ಬಿಗಿದರೆ ಸುಮಾರು 41ಕ್ಕೆ ಬರುತ್ತದೆ. ಬಿ.ಬಿ. ಕಾರ್ಟ್ರಿಜ್ ಕೊಳ್ಳುವಾಗ ಕ್ರ್ಯಾಂಕ್ ತಯಾರಕರು ಹೇಳಿದ ಆಕ್ಸಲ್ ಉದ್ದವನ್ನೇ ಕೊಳ್ಳಿ. ಅಂಗಡಿಯಲ್ಲಿ ಇದ್ದದ್ದನ್ನು ತಂದರೆ ಗೆರೆ ಐದಾರು ಮಿ.ಮೀ. ಹೊರಗೆ ಹೋಗುತ್ತದೆ.

ಗಾಲಿ ಕಟ್ಟುವುದಕ್ಕೆ ನಮ್ಮ ಮಿಸ್ತ್ರಿಗಳ ಕೈ ಚೊಲೋ. ಆದರೆ ದೊಡ್ಡ ಸೈಕಲ್ಲಿನ ರೂಢಿ ಮುಂದೆ 32, ಹಿಂದೆ 40 ಸ್ಪೋಕ್. ಇಲ್ಲಿ ಎರಡಕ್ಕೂ 36. ರಿಮ್ ಮತ್ತು ಹಬ್ ಎರಡರ ತೂತು ಎಣಿಸಿಯೇ ಅಂಗಡಿಗೆ ಹೋಗಿ. ರಿಮ್ ಅಲ್ಯೂಮಿನಿಯಮ್‌ದೇ ಆಗಬೇಕು. ಕ್ರೋಮ್ ಹಾಕಿದ ಸ್ಟೀಲ್ ರಿಮ್ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಬ್ರೇಕನ್ನೇ ಹಿಡಿಯುವುದಿಲ್ಲ. ಸ್ಪೋಕ್ ಉದ್ದ ಹಬ್ ಮತ್ತು ರಿಮ್ ಎರಡನ್ನೂ ಅಳೆದ ಮೇಲೆಯೇ ತೀರ್ಮಾನವಾಗುವುದು; ನನ್ನ ಜೋಡಿಗೆ ಹಿಂದೆ 292 ಮಿ.ಮೀ. ಬಂತು. 28 ಇಂಚಿನ ಗಾಲಿಯ ಸ್ಪೋಕ್ ಇದಕ್ಕಿಂತ ಉದ್ದ. ಅದನ್ನೇ ಹಾಕಿದರೆ ನಿಪ್ಪಲ್ಲಿನಿಂದ ತುದಿ ಹೊರಗೆ ಚಾಚಿ ಟ್ಯೂಬಿಗೆ ಚುಚ್ಚುತ್ತದೆ.

ಮಿಸ್ತ್ರಿಗೆ ಇನ್ನೊಂದು ಮಾತು ಹೇಳಬೇಕು: ಈ ಗಾಲಿಯ ಎರಡು ಬದಿಯ ಸ್ಪೋಕ್ ಬಿಗಿತವೂ ಒಂದೇ, ಗಿಯರ್ ಗಾಲಿಯಂತೆ ರಿಮ್ಮನ್ನು ಒಂದು ಕಡೆಗೆ ಎಳೆಯುವಂತಿಲ್ಲ. ಔಟ್ ತೆಗೆದಾದ ಮೇಲೆ ಪರೀಕ್ಷೆ ಸುಲಭ. ಗಾಲಿಯನ್ನು ಫ್ರೇಮಿಗೆ ಹಾಕಿ ರಿಮ್ಮಿಗೂ ಒಂದು ಬದಿಯ ಪೈಪಿಗೂ ನಡುವಿನ ಅಂತರ ಅಳೆಯಿರಿ. ಗಾಲಿ ತಿರುವಿ ಹಾಕಿ ಅದೇ ಬದಿಯಲ್ಲಿ ಮತ್ತೆ ಅಳೆಯಿರಿ. ಒಂದೇ ಬಂದರೆ ರಿಮ್ ನಡುವಿನಲ್ಲಿದೆ.

ಕಾಗ್ ಕೂರಿಸುವಾಗ ಥ್ರೆಡ್ಡನ್ನು ಪೆಟ್ರೋಲ್ ಹಾಕಿ ಬ್ರಶ್ಶಿನಿಂದ ಉಜ್ಜಿ ಒಣಗಿಸಿ, ಗ್ರೀಸ್ ಸವರಿ ಬರಿಗೈಯಿಂದ ತಿರುಗಿಸಿ. ಅರ್ಧ ಸುತ್ತಿನಲ್ಲೇ ತಡೆದರೆ ಬಲ ಹಾಕಬೇಡಿ, ಓರೆ ಹಿಡಿದಿರುತ್ತದೆ. ಅಲ್ಯೂಮಿನಿಯಮ್ ಥ್ರೆಡ್ ಒಮ್ಮೆ ಹೋದರೆ ಹಬ್ಬೇ ಹೋದಂತೆ. ಪೂರ್ತಿ ಕೂತ ಮೇಲೆ ಚೈನ್ ತುಂಡು ಕಟ್ಟಿದ ಪಟ್ಟಿ ಪಾನಾದಿಂದ ಮೈಮೇಲೆ ಬಿದ್ದು ಬಿಗಿಯಿರಿ. ಆಮೇಲೆ ಲಾಕ್‌ರಿಂಗ್ ಎಡಕ್ಕೆ ತಿರುಗಿಸಿ ಕೊಕ್ಕೆ ಪಾನಾದಿಂದ ಬಿಗಿ. ಇಷ್ಟಕ್ಕೆ ಕೆಲಸ ಮುಗಿಯುವುದಿಲ್ಲ. ಸೈಕಲ್ ಜೋಡಿಸಿದ ಮೇಲೆ, ಕಾಲಿನಿಂದ ತಡೆಯದೆ ಬರೀ ಬ್ರೇಕ್ ಹಿಡಿಯುತ್ತ, ಒಂದು ಏರನ್ನು ಜೋರಾಗಿ ಹತ್ತಿ ಬನ್ನಿ. ಉಣಕಲ್ ಕಡೆಯಿಂದ ನೃಪತುಂಗ ಬೆಟ್ಟದ ಏರು ಇದಕ್ಕೆ ಸರಿಯಾಗಿದೆ. ನಿಮ್ಮ ತೂಕಕ್ಕೆ ಕಾಗ್ ಇನ್ನಷ್ಟು ಒಳಗೆ ಹೋಗುತ್ತದೆ, ಲಾಕ್‌ರಿಂಗ್ ಅಷ್ಟೇ ಸಡಿಲವಾಗುತ್ತದೆ. ಇಳಿಯುವ ಮೊದಲು ಅಲ್ಲೇ ರಿಂಗನ್ನು ಮತ್ತೆ ಬಿಗಿಯಿರಿ, ಕೊಕ್ಕೆ ಪಾನಾ ಜೇಬಿನಲ್ಲಿರಲಿ. ಮೂವತ್ತು ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ.

ಚೈನ್ ಅಗಲ ಎಂಟನೇ ಒಂದು ಇಂಚು, ನಮ್ಮ ಸಾದಾ ಸೈಕಲ್ಲಿನದ್ದೇ ಅಳತೆ. ಇದು ಮಾತ್ರ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಒಂದು ಜೋಡಿ ಕೊಂಡಿ ತೆಗೆದರೆ ಆಕ್ಸಲ್ ಸೀಳಿನಲ್ಲಿ ಅರ್ಧ ಇಂಚು ಮುಂದೆ ಬರುತ್ತದೆ. ಕಾಗಿನಲ್ಲಿ ಒಂದು ಹಲ್ಲು ಹೆಚ್ಚಾದರೆ ಸುಮಾರು 3 ಮಿ.ಮೀ. ಈ ಲೆಕ್ಕ ಇಟ್ಟುಕೊಂಡು ಉದ್ದ ಕತ್ತರಿಸಿದರೆ ಫಿಕ್ಸೆಡ್ ಬದಿಗೆ 18, ಫ್ರೀವೀಲ್ ಬದಿಗೆ 19 ಹಲ್ಲು ಹಾಕಿ, ಚೈನ್ ಮುಟ್ಟದೆ ಗಾಲಿ ತಿರುವಿಕೊಳ್ಳಬಹುದು. ಬಿಗಿ ಮಾಡುವಾಗ ಕ್ರ್ಯಾಂಕ್ ನಿಧಾನ ತಿರುಗಿಸಿ ಚೈನ್ ಅತ್ಯಂತ ಬಿಗಿಯಾಗುವ ಜಾಗ ಹುಡುಕಿ. ಚೈನ್‌ವೀಲ್ ಪೂರ್ತಿ ದುಂಡಗೆ ಕೂತಿರುವುದು ಕಡಿಮೆ. ಆ ಜಾಗದಲ್ಲಿ ನಡುವೆ ಬೆರಳಿಟ್ಟು ಆಡಿಸಿದರೆ ಮೇಲೆ ಕೆಳಗೆ ಸೇರಿ 10–12 ಮಿ.ಮೀ. ಆಡಬೇಕು. ಅದಕ್ಕಿಂತ ಬಿಗಿಯಾದರೆ ಬೇರಿಂಗ್ ತಿನ್ನುತ್ತದೆ, ಸಡಿಲವಾದರೆ ಕಳಚುತ್ತದೆ. ಬಿಗಿ–ಸಡಿಲದ ವ್ಯತ್ಯಾಸ ಬಹಳ ಇದ್ದರೆ ಚೈನ್‌ವೀಲಿನ ಬೋಲ್ಟ್‌ಗಳನ್ನು ತುಸು ಸಡಿಲಿಸಿ, ಬಿಗಿ ಜಾಗದಲ್ಲಿ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ ಮತ್ತೆ ಬಿಗಿಯಿರಿ.

ಹಲ್ಲಿನ ಲೆಕ್ಕದಲ್ಲಿ 44ಕ್ಕೆ 18 ನಮ್ಮ ರಸ್ತೆಗೆ ಸರಿ ಅನ್ನಿಸಿದೆ. 700x28 ಟಾಯರಿಗೆ ಪೆಡಲ್ಲಿನ ಒಂದು ಸುತ್ತಿಗೆ 5.2 ಮೀಟರ್ ಹೋಗುತ್ತದೆ. ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ 25 ಕಿ.ಮೀ. ಧಾರವಾಡ ಹುಬ್ಬಳ್ಳಿಗಿಂತ ಎತ್ತರದಲ್ಲಿದೆ. ಹೋಗುವಾಗ ಏರು ಏರುತ್ತಲೇ ಇರುತ್ತದೆ, ಬರುವಾಗ ಕಾಲಿಗೆ ಬಿಡುವಿಲ್ಲ. ಇಳಿಜಾರಿನಲ್ಲಿ 40 ಕಿ.ಮೀ. ವೇಗ ಬಂತೆಂದರೆ ಕಾಲು ನಿಮಿಷಕ್ಕೆ 128 ಸುತ್ತು ತಿರುಗಬೇಕು. ಅಷ್ಟಕ್ಕೆ ಬಿಡದೆ ಮೊದಲೇ ಮುಂದಿನ ಬ್ರೇಕಿನಿಂದ ವೇಗ ಕಟ್ಟಿಹಾಕಬೇಕು. ಹಿಂದಿನ ಗಾಲಿ ಜಾರಿಸಿ ನಿಲ್ಲಿಸುವ ರೂಢಿ ಇರುವವರು 48ಕ್ಕೆ 16 ಹಾಕಬೇಡಿ: ಸರಿಯಾಗಿ ಮೂರು ಪಟ್ಟು ಆಗುವುದರಿಂದ ಪ್ರತಿ ಸಲ ಟಾಯರಿನ ಅದೇ ಜಾಗ ಉಜ್ಜಿ ಬೇಗ ಹರಿಯುತ್ತದೆ. 44ಕ್ಕೆ 18ರಲ್ಲಿ ಉಜ್ಜುವ ಜಾಗ ಒಂಬತ್ತು, 44ಕ್ಕೆ 17ರಲ್ಲಿ ಹದಿನೇಳು.

ಮುಂದಿನ ಬ್ರೇಕ್ ಇಲ್ಲದೆ ರಸ್ತೆಗಿಳಿಯಲೇಬೇಡಿ. ಕಾಲಿನಿಂದ ತಡೆಯುವುದು ಹಿಂದಿನ ಗಾಲಿಯನ್ನು ಮಾತ್ರ, ನಿಲ್ಲಿಸುವ ನಿಜವಾದ ಬಲ ಮುಂದಿನ ಗಾಲಿಯಲ್ಲಿದೆ. ಚೈನ್ ಕಳಚಿದರೆ ಕಾಲಿನ ತಡೆಯೂ ಇಲ್ಲ. ಫ್ರೀವೀಲ್ ಬದಿ ಬಳಸುವವರಿಗೆ ಎರಡೂ ಬ್ರೇಕ್ ಬೇಕು. 27 ಇಂಚಿನ ಫ್ರೇಮಿಗೆ 700ಸಿ ಹಾಕಿದಾಗ 47–57 ಮಿ.ಮೀ. ಚಾಚುವ ಉದ್ದ ತೋಳಿನ ಕ್ಯಾಲಿಪರ್ ಕೇಳಿ ತನ್ನಿ, ಆದರೆ ತೂತಿನಿಂದ ರಿಮ್ಮಿಗೆ ಅಳತೆ ಹಿಡಿದು.

ಮೊದಲ ಸವಾರಿ ಫ್ರೀವೀಲ್ ಬದಿಯಲ್ಲೇ ಇರಲಿ. ಬ್ರೇಕು, ನಟ್ಟು, ಸೀಟು ಎಲ್ಲ ಹದಕ್ಕೆ ಬರುತ್ತವೆ. ಫಿಕ್ಸೆಡ್‌ಗೆ ತಿರುವಿದ ಮೇಲೆ ನವನಗರದ ಒಳರಸ್ತೆಯಂಥ ಸಮತಟ್ಟು ಜಾಗದಲ್ಲಿ, ಬೆಳಗಿನ ಜಾವ. ಹಳೇ ಅಭ್ಯಾಸದಿಂದ ಕಾಲು ನಿಲ್ಲಿಸಿದ ಕ್ಷಣ ಪೆಡಲ್ ಸೀಟಿನಿಂದ ಎತ್ತಿ ಒಗೆಯುತ್ತದೆ. ಎದೆ ಧಸಕ್ಕೆನ್ನುವ ಅನುಭವ ಅದು, ದೇಹ ಬೇಗ ಕಲಿಯುತ್ತದೆ. ಪಾದವನ್ನು ಪೆಡಲ್ಲಿಗೆ ಹಿಡಿದಿಡುವ ಟೋ ಕ್ಲಿಪ್ ಪಟ್ಟಿ ಬೇಕೇ ಬೇಕು, ಇಲ್ಲದಿದ್ದರೆ ಇಳಿಜಾರಿನಲ್ಲಿ ಪೆಡಲ್ ಪಾದ ಬಿಟ್ಟು ತಾನೇ ಗರಗರ ತಿರುಗಿ ಮೊಣಕಾಲ ಹಿಂದೆ ಬಡಿಯುತ್ತದೆ. ಹಂಪ್ ಬಂದಾಗ ಪೆಡಲ್ ಸಮ ಹಿಡಿದು ನಿಲ್ಲಲಾಗದು. ತುಳಿಯುತ್ತಲೇ ಸೀಟಿನಿಂದ ತುಸು ಎದ್ದು ದಾಟಬೇಕು. ಸಿಗ್ನಲ್ಲಿನಲ್ಲಿ ನಿಂತಾಗ ಪೆಡಲ್ ಬೇಕಾದ ಜಾಗಕ್ಕೆ ತರಲು ಮುಂದಿನ ಬ್ರೇಕ್ ಒತ್ತಿ, ಹಿಂದಿನ ಗಾಲಿ ಸ್ವಲ್ಪ ಎತ್ತಿ ಕಾಲಿನಿಂದ ತಿರುಗಿಸಿ. ಪಿ.ಬಿ. ರಸ್ತೆಯ ನಡುವಿನ ಬಿಆರ್‌ಟಿಎಸ್ ದಾರಿ ಎಷ್ಟೇ ಖಾಲಿ ಕಂಡರೂ ಅದು ಚಿಗರಿ ಬಸ್ಸಿನದ್ದು, ಒಳಗೆ ಹೋಗಬೇಡಿ.

ಪ್ಯಾಂಟಿನ ತುದಿ, ಬೂಟಿನ ಲೇಸು ಒಳಗೆ ಸಿಕ್ಕಿಸಿ. ಚೈನಿಗೆ ಸಿಕ್ಕರೆ ಕಾಲು ನಿಲ್ಲಿಸಿ ಬಿಡಿಸಿಕೊಳ್ಳುವ ಅವಕಾಶ ಇಲ್ಲಿಲ್ಲ. ಇದಕ್ಕಿಂತ ಮುಖ್ಯವಾದದ್ದು: ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿ ಗಾಲಿ ತಿರುಗುತ್ತಿರುವಾಗ ಬಟ್ಟೆಯಿಂದ ಚೈನ್ ಒರೆಸಬೇಡಿ. ಬಟ್ಟೆ ಸಿಕ್ಕಿದರೆ ಬೆರಳನ್ನೂ ಎಳೆದುಕೊಂಡು ಕಾಗಿನೊಳಗೆ ಹೋಗುತ್ತದೆ, ತಿರುಗುವ ಗಾಲಿಯ ಪೂರ್ತಿ ಬಲ ಅದರ ಹಿಂದೆ ಇರುತ್ತದೆ. ಬೆರಳು ಕಳೆದುಕೊಂಡವರಿದ್ದಾರೆ. ಗಾಲಿ ನಿಂತಿರಲಿ, ಚೈನಿನ ಕೆಳಭಾಗವನ್ನು ಸ್ವಲ್ಪ ಸ್ವಲ್ಪ ಒರೆಸಿ ಗಾಲಿ ಸರಿಸಿಕೊಳ್ಳಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಸೈಕಲ್ಲನ್ನು ತಲೆಕೆಳಗಾಗಿ ಬಿಟ್ಟು ಒಳಗೆ ಹೋಗಬೇಡಿ.

ಎಲ್ಲ ಸೇರಿ 20,000 ರೂಪಾಯಿಯ ಆಸುಪಾಸು ಆಯಿತು. ಅದರಲ್ಲಿ ದೊಡ್ಡ ಪಾಲು ಗಾಲಿಗಳದ್ದು: ಕಾಗ್, ಲಾಕ್‌ರಿಂಗ್ ಸೇರಿ ಹಿಂದಿನ ಹಬ್ 3,400, ರಿಮ್ ಜೋಡಿ 2,600, ಟಾಯರ್ ಟ್ಯೂಬ್ 2,200, ಕಟ್ಟಿದ ಕೂಲಿ 600. ಕ್ರ್ಯಾಂಕ್ ಸೆಟ್ 2,400, ಪೌಡರ್ ಕೋಟಿಂಗ್ 1,200. ಬಣ್ಣ ಬಿಡಬಹುದು, ಹ್ಯಾಂಡಲ್ ಟೇಪ್ ಬಿಡಬಹುದು. ಹಬ್, ಲಾಕ್‌ರಿಂಗ್, ಬ್ರೇಕಿನಲ್ಲಿ ಮಾತ್ರ ಉಳಿಸಲು ಹೋಗಬೇಡಿ. ಫಿಕ್ಸೆಡ್ ಬೇಡ, ಸಿಂಗಲ್ ಸ್ಪೀಡ್ ಸಾಕು ಅನ್ನುವವರಿಗೆ ಸಾದಾ ಫ್ರೀವೀಲ್ ಹಬ್ ಊರಲ್ಲೇ ಸಿಗುತ್ತದೆ. ಖರ್ಚೂ ಕಾಯುವುದೂ ಬಹಳ ಇಳಿಯುತ್ತವೆ.

ಓಡಲು ಶುರುವಾದ ಮೇಲೆ ಚೈನ್ ಸವೆತವನ್ನು ಶಾಲೆಯ ಸ್ಟೀಲ್ ಪಟ್ಟಿಯಿಂದ ಅಳೆಯಿರಿ. ಹೊಸ ಚೈನಿನಲ್ಲಿ 24 ಕೊಂಡಿಗೆ ಸರಿಯಾಗಿ 12 ಇಂಚು. ಅದು ಹದಿನಾರನೇ ಒಂದು ಇಂಚು ಹೆಚ್ಚಾದ ಕೂಡಲೇ ಬದಲಿಸಿದರೆ ಕಾಗೂ ಚೈನ್‌ವೀಲೂ ಉಳಿಯುತ್ತವೆ. ಎಂಟನೇ ಒಂದರವರೆಗೆ ಬಿಟ್ಟರೆ ಮೂರೂ ಹೋದವು.

ಅಣ್ಣಿಗೇರಿ, ಗದಗ ಕಡೆ ಹೋಗುವವರಿಗೆ ಎರಡು ಎಚ್ಚರ. ಒಂದು, ಎರಿಮಣ್ಣು. ಮಳೆ ಬಿದ್ದ ಮೇಲೆ ಡಾಂಬರ್ ಬಿಟ್ಟು ಹೊಲದ ದಾರಿಗೆ ಇಳಿದರೆ ಮಣ್ಣು ಟಾಯರಿಗೆ ಮೆತ್ತಿ ಬ್ರೇಕಿನ ಕಮಾನಿನಲ್ಲಿ ತುಂಬಿ ಗಾಲಿಯನ್ನೇ ಹಿಡಿಯುತ್ತದೆ. 28ಕ್ಕಿಂತ ಅಗಲದ ಟಾಯರ್ ಹಾಕಿ ಜಾಗ ಕಡಿಮೆ ಮಾಡಿಕೊಳ್ಳಬೇಡಿ. ಎರಡು, ಆಷಾಢದ ಪಡುವಣ ಗಾಳಿ. ಹೋಗುವಾಗ ಬೆನ್ನಿಗೆ ಹೊಡೆಯುತ್ತದೆ, 44ಕ್ಕೆ 18 ಹಗುರ ಅನ್ನಿಸುತ್ತದೆ. ಹುಬ್ಬಳ್ಳಿಗೆ ತಿರುಗಿದ ಕೂಡಲೇ ಅದೇ ಗಾಳಿ ಎದುರಿಗೆ. ಆ ತಿಂಗಳಲ್ಲಿ ನಾನು ಫ್ರೀವೀಲ್ ಬದಿಗೆ 20 ಹಲ್ಲು ಹಾಕಿಕೊಂಡು ಗದಗದಲ್ಲೇ ಗಾಲಿ ತಿರುವಿಕೊಳ್ಳುತ್ತೇನೆ. ಆಕ್ಸಲ್ ಸುಮಾರು 6 ಮಿ.ಮೀ. ಮುಂದೆ ಬರುತ್ತದೆ, ಹಿಂದಿನ ಬ್ರೇಕಿನ ರಬ್ಬರ್ ರಿಮ್ಮಿಗೇ ತಾಗುತ್ತಿದೆಯೇ ಅಂತ ನೋಡಿಕೊಳ್ಳಬೇಕು. ಅದಕ್ಕೆ ಬೇಕಾದದ್ದು 15 ಮಿ.ಮೀ. ಪಾನಾ ಒಂದೇ.